ಬದರಿಯ ಆಚೆಯ ಅಂಗಾರ

ಮಲ್ಲಟದ ವಾದಿರಾಜರಾಯರು ಇಬ್ಬರಿದ್ದರು. ಒಬ್ಬರು ಕಾಲೇಜಿನಲ್ಲಿರುತ್ತಿದ್ದರು, ಇನ್ನೊಬ್ಬರು ಮನೆಯಲ್ಲಿ. ಇಬ್ಬರಿಗೂ ಸೇರಿ ಕೋಟು ಮಾತ್ರ ಒಂದೇ. ಅದರ ಗುಂಡಿಗಳು ಒಂದು ದಿನವೂ ತಮ್ಮ ತಮ್ಮ ತೂತಿಗೆ ಸೇರಿದ್ದನ್ನು ನಾನು ಕಾಣೆ.

ಕಾಲೇಜಿನ ರಾಯರು ದೊಡ್ಡ ಸುಧಾರಕರು. ಮಾಸ್ತರರ ಕೋಣೆಯಲ್ಲಿ ಜವಾನ ಅಲ್ಲಾಬಕ್ಷ್ ತಂದ ಚಹಾ ಹೀರುತ್ತಾ, "ಜಾತಿ, ಮಡಿ, ಮೈಲಿಗಿ, ಇವ್ಯಾವೂ ನಮ್ಮ ಮನ್ಯಾಗ ಇಲ್ಲ ನೋಡ್ರಿ. ಯಾರು ಬಂದ್ರೂ ನಮ್ಮ ಮಗ್ಗಲಿಗೆ ಕೂತು ಉಣಬಹುದು" ಎನ್ನುತ್ತಿದ್ದರು. ಮನೆಯ ರಾಯರು ಅದೇ ಚಹಾ ಕುಡಿದ ಬಾಯಿಗೆ ಓಣಿಯ ತಿರುವಿನಲ್ಲಿ ನಾಲ್ಕು ಬೇವಿನೆಲೆ ಹಾಕಿ ಜಗಿದು, ಕೋಟನ್ನು ಹೊರಗಿನ ಗೂಟಕ್ಕೆ ತೂಗುಹಾಕಿ, ಬಾವಿಯ ನೀರನ್ನು ತಲೆಯ ಮೇಲೆ ಸುರಿದುಕೊಂಡು, ಸೋದರತ್ತೆ ಜಾನಕಿಬಾಯಿಯವರು ಕಣ್ಣಲ್ಲೇ ಅಪ್ಪಣೆ ಕೊಟ್ಟ ಮೇಲೆ ಹೊಸ್ತಿಲು ದಾಟುತ್ತಿದ್ದರು. ನಾನು ಅವರ ಎದುರು ಮನೆಯವನು, ಅದೇ ಕಾಲೇಜಿನಲ್ಲಿ ಲೆಕ್ಕ ಕಲಿಸುತ್ತಿದ್ದವನು. ಹೀಗಾಗಿ ಇಬ್ಬರು ರಾಯರ ಗುರುತೂ ಇದ್ದವನು ರಾಯಚೂರಿನಲ್ಲಿ ನಾನೊಬ್ಬನೇ.

ಜಾನಕಿಬಾಯಿಯವರ ವಿಷಯ ಸ್ವಲ್ಪ ಹೇಳಬೇಕು. ಮನೆ ಅವರದು. ಅಡಿಗೆಮನೆ ಅವರದು. ಹಾಗೆ ನೋಡಿದರೆ ಓಣಿಯೂ ಅವರದೇ. ಅವರ ಮಡಿಗೆ ಹೆದರಿ ಕಾಗೆ ಕೂಡ ಆ ಅಂಗಳದಲ್ಲಿ ಇಳಿಯುವ ಮುಂಚೆ ಎರಡು ಸಲ ಯೋಚನೆ ಮಾಡುತ್ತಿತ್ತು. ರಾಯರ ಹೆಂಡತಿ ತುಂಗಾಬಾಯಿ ದೇವದುರ್ಗದ ಹೆಣ್ಣುಮಗಳು, ಬಾಯಿಯಲ್ಲಿ ಚುರುಕು. ಆದರೂ ಅತ್ತೆಯ ಮುಂದೆ ಸಾರಿನ ಉಪ್ಪಿನ ಬಗ್ಗೆ ಸಹ ಮಾತಾಡಿದವರಲ್ಲ.

ಇಂಥ ಸಂಸಾರದ ಮೇಲೆ ಚೀನಾ ದೇಶ ಬಂದು ಬಿತ್ತು.

ಆಗ ಜಗತ್ತಿನ ಎರಡನೇ ದೊಡ್ಡ ಲಡಾಯಿ ನಡೆದಿತ್ತು. ಚೀನಾದವರು ನಮ್ಮ ಸರ್ಕಾರದ ಕಡೆಯವರು. ಕಾಲೇಜಿನ ಹುಡುಗರಿಗೆ ಆ ದೇಶದ ಭಾಷೆ, ಸಂಸ್ಕೃತಿ, ಸಮಾಜ ಎಲ್ಲದರ ಪರಿಚಯ ಮಾಡಿಸಬೇಕೆಂದು ಹೈದರಾಬಾದಿನಿಂದ ಹುಕುಂ ಹೊರಟಿತು. ಷೆನ್ ಎಂಬ ಚೀನೀ ವಿದ್ವಾಂಸರೊಬ್ಬರು ಊರೂರು ತಿರುಗುತ್ತಾ ರಾಯಚೂರಿಗೂ ಬರುವವರಿದ್ದರು. ಕೊನೆಯ ಭಾಷಣಕ್ಕೆ ವಿದ್ಯಾ ಇಲಾಖೆಯ ಮುಖ್ಯಸ್ಥರಾದ ನಾಜಿಂ ಸಾಹೇಬರೇ ಅಧ್ಯಕ್ಷರು.

ಪ್ರಿನ್ಸಿಪಾಲ್ ಮಹಮ್ಮದ್ ಹುಸೇನ್ ಸಾಹೇಬರು ಎಲ್ಲ ಮಾಸ್ತರರನ್ನೂ ಕರೆದರು. "ಮುಸಾಫಿರ್ ಬಂಗಲೇದಾಗ ಫೌಜಿನವರು ಇಳಿದಾರ. ಮೆಹಮಾನರನ್ನ ಎಲ್ಲಿ ಇಳಿಸೋದು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ರಾಯರ ಕಡೆ ತಿರುಗಿದರು. "ಹಾಂ! ವಾದಿರಾಜರಾಯರೇ, ಜಾತಿ ಇಲ್ಲ, ಮಡಿ ಇಲ್ಲ, ನಿಮ್ಮ ಮನಿ ಅಂದ್ರ ಖುಲ್ಲಾ ದರವಾಜಾ!"

ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದು ಎಂದರೆ ಇದೇ. ಒಲ್ಲೆ ಎನ್ನುವಂತೆಯೂ ಇರಲಿಲ್ಲ. ರಾಯರ ನೌಕರಿ ಇನ್ನೂ ಹಂಗಾಮಿ. ಮೊದಲು ಮಾನ್ವಿಯ ಸಣ್ಣ ಶಾಲೆಯಲ್ಲಿ ಮಗ್ಗಿ ಹೇಳಿಸುತ್ತಿದ್ದವರು, ಹೇಗೋ ಇತಿಹಾಸದ ಪರೀಕ್ಷೆ ಪಾಸಾಗಿ ಕಾಲೇಜು ಹತ್ತಿದ್ದರು.

"ಕೆಲಸ ಚಲೋ ಆತು ಅಂದ್ರ, ನಿಮ್ಮನ್ನ ಕಾಯಂ ಮಾಡೋ ಮಾತು ನಾನೇ ನಾಜಿಂ ಸಾಹೇಬರ ಮುಂದ ತೆಗೀತೀನಿ" ಎಂದರು ಪ್ರಿನ್ಸಿಪಾಲರು. "ಕೆಟ್ಟಿತು ಅಂದ್ರ... ಮಾನ್ವಿ ಏನು ಭಾಳ ದೂರ ಇಲ್ಲ."

ಅಂದು ಸಂಜೆ ರಾಯರು ನನ್ನ ರಟ್ಟೆ ಹಿಡಿದು ಮನೆಗೆ ಎಳೆದೊಯ್ದರು. "ನೀವು ಜೊತಿಗೆ ಇದ್ರ ಅತ್ಯಾ ಭಾಳ ಬೈಯಂಗಿಲ್ಲ" ಎಂದರು. ತುಂಗಾಬಾಯಿಯವರು ಸುದ್ದಿ ಕೇಳಿ, "ನೀವೇ ಹೇಳ್ರಿ. ಹೇಳೋಕಿಂತ ಮೊದಲ ನನ್ನ ದೇವದುರ್ಗದ ಬಸ್ಸಿಗೆ ಹತ್ತಿಸ್ರಿ" ಎಂದು ಹಿತ್ತಲಿಗೆ ಹೋದರು. ಜಾನಕಿಬಾಯಿಯವರು ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತಿದ್ದರು.

"ಅತ್ಯಾ, ನಾಳೆ ಮನಿಗೆ ಒಬ್ಬರು ಬರ್ತಾರ. ದೊಡ್ಡ ವಿದ್ವಾಂಸರು."

"ಯಾವ ಮಠದವರು?"

"ಮಠ ಅಂದ್ರ... ದೂರದವರು, ಅತ್ಯಾ."

"ಎಷ್ಟು ದೂರ? ಉಡುಪಿಯವರೇನು?"

"ಆ ಕಡೆ ಅಲ್ಲ. ಉತ್ತರಕ್ಕ."

"ಕಾಶಿ?"

"ಇನ್ನೂ ಆಚೆ."

"ಕಾಶಿಗಿಂತ ಆಚೆ ಏನದ? ಬದರಿ ಅದ."

"ಅದಕ್ಕೂ ಆಚೆ ಅತ್ಯಾ. ಬದರೀ ಆಚೆ ಕಡೆಯವರು."

ನಕಾಶೆ ಬಿಡಿಸಿ ನೋಡಿದರೆ ಈ ಮಾತಿನಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಬದರಿಯಿಂದ ಹಿಮಾಲಯ ಹತ್ತಿ ಆಚೆ ಇಳಿದು ನಡೆಯುತ್ತಾ ಹೋದರೆ ಕೊನೆಗೆ ಚೀನಾ ಸಿಗಲೇಬೇಕು. ಆದರೆ ಜಾನಕಿಬಾಯಿಯವರ ಕೈಯಲ್ಲಿದ್ದ ಬತ್ತಿ ಕೆಳಗೆ ಬಿತ್ತು. ಅವರ ನಕಾಶೆ ಬೇರೆ. ಮಾಧ್ವರ ಮನೆಯಲ್ಲಿ ಹುಟ್ಟಿದ ಕೂಸಿಗೂ ಗೊತ್ತು: ಶ್ರೀಮದಾಚಾರ್ಯರಾದ ಮಧ್ವರು ದೇಹ ಬಿಟ್ಟವರಲ್ಲ. ಮಾಘಮಾಸದ ನವಮಿಯ ದಿನ ಶಿಷ್ಯರ ಕಣ್ಣಿಗೆ ಮರೆಯಾಗಿ, ಬದರಿಗೂ ಆಚೆಯ ಉತ್ತರ ಬದರಿಗೆ ಹೋಗಿ, ಅಲ್ಲಿ ವ್ಯಾಸರ ಪಾದದ ಹತ್ತಿರ ಇವತ್ತಿಗೂ ಕೂತಿದ್ದಾರೆ. ಅಲ್ಲಿಗೆ ಹೋದ ನರಮನುಷ್ಯರಿಲ್ಲ. ಅಲ್ಲಿಂದ ಬಂದವರಂತೂ ಇಲ್ಲವೇ ಇಲ್ಲ.

"ನಾಳೆ ಅಷ್ಟಮಿ" ಎಂದರು ಜಾನಕಿಬಾಯಿ, ಮೆಲ್ಲಗೆ. "ನಾಡದು ಮಧ್ವನವಮಿ. ನವಮಿ ಹಿಂದಿನ ದಿನ ಬದರೀ ಆಚಿಂದ ನಮ್ಮ ಮನಿಗೆ ಬರ್ಲಿಕ್ಹತ್ತಾರ!" ಎದ್ದು ನಿಂತು, "ತುಂಗಾ! ಪಡಸಾಲಿ ಸಾರಸಬೇಕು!" ಎಂದು ಕೂಗಿದರು.

ರಾಯರು ಹೊರಗೆ ಬಂದು ಬೆವರೊರೆಸಿಕೊಂಡು, "ನಾನು ಸುಳ್ಳು ಹೇಳಿಲ್ಲ, ಹೌದಲ್ರೀ?" ಎಂದು ನನ್ನನ್ನು ಕೇಳಿದರು. ನಾನು ಲೆಕ್ಕದ ಮಾಸ್ತರ. ಸುಳ್ಳು ಇಲ್ಲವೆಂದೆ.

ಮರುದಿನ ಬೆಳಿಗ್ಗೆ ಗಡಿಗೆಪ್ಪನ ಟಾಂಗಾ ಓಣಿಗೆ ಬರುವಷ್ಟರಲ್ಲಿ ಸುದ್ದಿ ಎಲ್ಲ ಮನೆಗೂ ಬಂದು ಮುಟ್ಟಿತ್ತು. ಬಾಗಿಲ ಮರೆಯಲ್ಲಿ ಹೆಂಗಸರು, ಕಟ್ಟೆಯ ಮೇಲೆ ಗಂಡಸರು. ಷೆನ್ ಅವರು ಇಳಿದರು. ಕಾಲಿನ ತನಕ ಇಳಿಬಿದ್ದ ನೀಲಿ ಅಂಗಿ, ಅಗಲವಾದ ತೋಳು, ಗಲ್ಲದ ಮೇಲೆ ಎಣಿಸುವಷ್ಟು ಗಡ್ಡ, ಕಾಡಿಗೆ ಎಳೆದಂತೆ ಸಣ್ಣ ಕಣ್ಣು. ಅಂಗಳದಲ್ಲಿ ಜಾನಕಿಬಾಯಿ ಹಾಕಿದ ರಂಗೋಲಿಯನ್ನು ಕಂಡು ಥಟ್ಟನೆ ನಿಂತರು. ಕಾಲು ತಗಲದಂತೆ ಸುತ್ತು ಹಾಕಿಕೊಂಡು ಬಂದು, ಬಾಗಿಲಲ್ಲಿದ್ದ ಜಾನಕಿಬಾಯಿಯವರಿಗೆ ಎರಡೂ ಕೈಯನ್ನು ತೋಳೊಳಗೆ ಸೇರಿಸಿ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದರು.

"ನೋಡಿದ್ಯಾ ತುಂಗಾ? ಕೈ ಸುದ್ದಾ ಹೊರಗ ತೋರಸಂಗಿಲ್ಲ. ಮಡಿ ಅಂದ್ರ ಇದು" ಎಂದರು ಜಾನಕಿಬಾಯಿ. ಅವರು ಇನ್ನೊಬ್ಬರ ಮಡಿಯನ್ನು ಹೊಗಳಿದ್ದು ಅದೇ ಮೊದಲು. ಓಣಿ ಬೆರಗಾಯಿತು.

ಬಂದವರಿಗೆ ಹಾಲು ಕೊಟ್ಟರು. ಷೆನ್ ಅವರು ನಯವಾದ ಇಂಗ್ಲೀಷಿನಲ್ಲಿ ಬೇಡವೆಂದರು. ಅವರ ಊರಿನ ಕಡೆ ದೊಡ್ಡವರು ಹಾಲು ಕುಡಿಯುವ ಪದ್ಧತಿ ಇಲ್ಲವಂತೆ. ಮಜ್ಜಿಗೆಯೂ ಬೇಡ. ಕಾಯಿಸಿದ ನೀರು ಕೊಟ್ಟರೆ ಸಾಕು ಎಂದರು. ರಾಯರು ಇದನ್ನು ಕನ್ನಡಕ್ಕೆ ತಿರುಗಿಸಿದಾಗ ಜಾನಕಿಬಾಯಿಯವರು ಗೋಡೆಗೆ ಒರಗಿದರು.

"ಚಾತುರ್ಮಾಸದಾಗ ನಾವು ಒಂದು ತಿಂಗಳು ಹಾಲು ಬಿಟ್ಟು, ಭಾರೀ ವ್ರತ ಮಾಡಿದ್ವಿ ಅಂತ ಮೆರೀತೀವಿ. ಇವರು ವರ್ಷಪೂರ್ತಿ ಬಿಟ್ಟಾರ! ಮೊಸರು ಬಿಟ್ಟಾರ! ಬರೇ ನೀರು!"

ಈ ಹೊತ್ತಿಗೆ ರಾಯರು ಬಾಯಿಬಿಟ್ಟು ನಿಜ ಹೇಳಬಹುದಿತ್ತು. ಆದರೆ ಅವರಿಗೆ ಒಂದು ಕೆಲಸ ಮಾಡುವಾಗ ಇನ್ನೊಂದು ಹೊಳೆಯುವುದಿಲ್ಲ. ಆಗ ಅವರು ಚಾತುರ್ಮಾಸಕ್ಕೆ ಇಂಗ್ಲೀಷಿನಲ್ಲಿ ಏನನ್ನುತ್ತಾರೆ ಎಂಬುದರಲ್ಲಿದ್ದರು.

ಅನಾಹುತವಾದದ್ದು ಆಮೇಲೆ. ಮಧ್ಯಾಹ್ನ ಕಾಲೇಜಿನಲ್ಲಿ ಮೊದಲ ಪಾಠ. ಹುಡುಗರಿಗೆ ತೋರಿಸಲು ನಾಲ್ಕು ಅಕ್ಷರ ಬರೆದಿಟ್ಟುಕೊಳ್ಳೋಣವೆಂದು ಷೆನ್ ಅವರು ಗಂಟು ಬಿಚ್ಚಿ ಒಂದು ಕರಿಯ ಕಲ್ಲು ತೆಗೆದರು. ಅದರ ಮೇಲೆ ಎರಡು ಹನಿ ನೀರು ಬಿಟ್ಟು, ಕಡ್ಡಿಯಂತಿದ್ದ ಮಸಿಯ ತುಂಡನ್ನು ಹಿಡಿದು, ಬೆನ್ನು ನೆಟ್ಟಗೆ ಮಾಡಿ, ಕಣ್ಣು ಅರೆಮುಚ್ಚಿ ಗುಂಡಗೆ ತೇಯತೊಡಗಿದರು. ಅವರ ದೇಶದಲ್ಲಿ ಶಾಯಿ ಮಾಡುವ ಕ್ರಮವೇ ಅದು. ಅವಸರದಲ್ಲಿ ತೇಯುವಂತಿಲ್ಲ, ಮಾತಾಡುತ್ತಾ ತೇಯುವಂತಿಲ್ಲ.

ನಮ್ಮ ಓಣಿಯ ಗಂಡಸರು ದಿನಾ ಪೂಜೆ ಮುಗಿಸಿ, ಊಟಕ್ಕೆ ಮುಂಚೆ ಕಲ್ಲಿನ ಮೇಲೆ ಇದ್ದಲು ತೇಯ್ದು ಹಣೆಗೆ ಕರಿಯ ಗೀಟು ಎಳೆದುಕೊಳ್ಳುತ್ತಾರೆ. ಅದಕ್ಕೆ ಅಂಗಾರ ಎನ್ನುತ್ತಾರೆ. ಮಠದ ಹಿರಿಯ ಅರ್ಚಕರಾದ ಶ್ರೀನಿವಾಸಾಚಾರ್ಯರು ನವಮಿಯ ಊಟಕ್ಕೆ ಕರೆಯಲೆಂದು ಅದೇ ಹೊತ್ತಿಗೆ ಒಳಗೆ ಬಂದರು. ಬಂದವರು ಬಾಗಿಲಲ್ಲೇ ಕಂಬದಂತೆ ನಿಂತರು.

"ಅಂಗಾರ!" ಎಂದರು. "ಅಂಗಾರ ತೇಯ್ಲಿಕ್ಹತ್ತಾರ! ಅಲ್ಲೀ ಪದ್ಧತಿನೂ ಇದೇ ಅದ! ವಾದಿರಾಜಾ, ನನಗೊಂದಿಷ್ಟು ದಯಪಾಲಿಸ್ಲಿಕ್ಕೆ ಹೇಳೋ!"

ರಾಯರು ತಡವರಿಸಿ, ಈ ಹಿರಿಯರಿಗೆ ತಮ್ಮ ಶಾಯಿ ಸ್ವಲ್ಪ ಬೇಕಂತೆ ಎಂದು ಇಂಗ್ಲೀಷಿನಲ್ಲಿ ಹೇಳಿದರು. ಷೆನ್ ಅವರು ಸಂತೋಷದಿಂದ ಕುಂಚವನ್ನು ಶಾಯಿಯಲ್ಲಿ ಅದ್ದಿ ಎತ್ತಿದರು. ಆಚಾರ್ಯರು ಕಾಗದ ಕೊಡಲಿಲ್ಲ. ಎದುರಿಗೆ ಕೂತು, ಬೆರಳಿನಿಂದ ಹಣೆಯ ನಡುವೆ ಗೀಟು ತೋರಿಸಿ, ಕಣ್ಣು ಮುಚ್ಚಿ, ಹಣೆ ಮುಂದೆ ಚಾಚಿದರು.

ಷೆನ್ ಅವರು ಒಂದು ಕ್ಷಣ ಆ ಹಣೆಯನ್ನೇ ನೋಡಿದರು. ಅವರ ಸಣ್ಣ ಕಣ್ಣು ದೊಡ್ಡದಾಯಿತು. ಆಮೇಲೆ ತೋಳು ಹಿಂದಕ್ಕೆ ಮಡಚಿ, ಉಸಿರು ಬಿಗಿಹಿಡಿದು, ಆಚಾರ್ಯರ ಹಣೆಯ ಮೇಲೆ ಒಂದು ಉದ್ದನೆಯ ಗೀಟು ಎಳೆದರು.

ಆಚಾರ್ಯರಿಗೆ ವಯಸ್ಸಾಗಿ ಕೈ ನಡುಗುತ್ತಿತ್ತು. ಅವರ ಅಂಗಾರ ಎಷ್ಟೋ ವರ್ಷದಿಂದ ಮೂಗಿನ ಮೇಲೆ ಹೊರಟು ಹುಬ್ಬಿನ ಕಡೆ ದಾರಿ ತಪ್ಪುತ್ತಿತ್ತು. ತುಂಗಾಬಾಯಿಯವರು ಕನ್ನಡಿ ತಂದು ಹಿಡಿದರು. ನೂಲು ಹಿಡಿದು ಎಳೆದಂಥ ಗೀಟು. ನನ್ನ ಜಾಮಿಟ್ರಿ ಪೆಟ್ಟಿಗೆಯ ಪಟ್ಟಿ ಇಟ್ಟರೂ ನಾನು ಅಷ್ಟು ನೆಟ್ಟಗೆ ಎಳೆಯಲಾರೆ. ಆಚಾರ್ಯರು ಕನ್ನಡಿಯನ್ನು ತಮ್ಮ ಕೈಗೆ ತೆಗೆದುಕೊಂಡರು. ಕೆಳಗಿಡಲೇ ಇಲ್ಲ.

ಸ್ವಲ್ಪ ಹೊತ್ತಿಗೆ ಓಣಿಯ ಗಂಡಸರೆಲ್ಲ ರಾಯರ ಅಂಗಳದಲ್ಲಿ ಸಾಲಾಗಿ ಕೂತಿದ್ದರು. ಷೆನ್ ಅವರು ಒಬ್ಬೊಬ್ಬರ ಹಣೆಗೂ ಬಾಗಿ, ಒಬ್ಬೊಬ್ಬರಿಗೂ ಅಷ್ಟೇ ಶ್ರದ್ಧೆಯಿಂದ ಗೀಟು ಎಳೆದರು. ನಾನೂ ಕೂತೆ. ಎಲ್ಲರೂ ಕೂತಾಗ ಒಬ್ಬನೇ ನಿಂತರೆ ಚೆನ್ನಾಗಿರುವುದಿಲ್ಲ.

ಊಟಕ್ಕೆ ಕೂತಾಗ ಇನ್ನೊಂದು. ಷೆನ್ ಅವರು ಚೀಲದಿಂದ ಎರಡು ಕಡ್ಡಿ ತೆಗೆದು, ಬೆರಳಿಗೆ ಒಂದಗುಳೂ ತಗಲದಂತೆ ಪತ್ರಾವಳಿಯ ಅನ್ನವನ್ನೆಲ್ಲ ಉಂಡು ಮುಗಿಸಿದರು. "ಕೈ ಎಂಜಲಾಗಬಾರದು ಅಂತ!" ಎಂದು ಜಾನಕಿಬಾಯಿಯವರು ಉಸುರಿದರು. ನಾವೆಲ್ಲ ಮೊಣಕೈ ತನಕ ಸಾರು ಇಳಿಸಿಕೊಂಡು ಉಣ್ಣುವವರು. ನಾಚಿಕೆಯಿಂದ ತಲೆ ತಗ್ಗಿಸಿದೆವು.

ಕಾಲೇಜಿನಲ್ಲಿ ನಡೆದದ್ದನ್ನೂ ಹೇಳಬೇಕು, ಸರ್ಕಾರದ ಉದ್ದೇಶ ಅದೇ ಆಗಿತ್ತಲ್ಲ. ಷೆನ್ ಅವರು ಹಲಗೆಯ ಮೇಲೆ ಎರಡು ಗೀಟು ಎಳೆದರು. ಒಂದು ಇನ್ನೊಂದಕ್ಕೆ ಆನಿಕೊಂಡು ನಿಂತಿತ್ತು. "ಮನುಷ್ಯ" ಎಂದರು. ಅಷ್ಟೇ, ಅದೇ ಅಕ್ಷರ. ಒಂದು ಗೀಟು ಅಳಿಸಿ, "ಈಗ ಬಿದ್ದ" ಎಂದರು. ಖಾಜಾ ಎಂಬ ವಿದ್ಯಾರ್ಥಿ ಎದ್ದು, "ಇಂಥಾ ಅಕ್ಷರ ಎಷ್ಟವ ಸರ್?" ಎಂದ. ಸಾವಿರಾರು ಎಂದು ಉತ್ತರ ಬಂತು. "ಎಲ್ಲಾ ಪರೀಕ್ಷೆಗೆ ಬರ್ತಾವೇನ್ರಿ?" ಎಂದು ಕೇಳಿದ. ತಮ್ಮ ದೇಶದಲ್ಲಿ ನೂರಾರು ವರ್ಷ ಪರೀಕ್ಷೆ ಪಾಸಾದವನೇ ಅಧಿಕಾರಿಯಾಗುತ್ತಿದ್ದ, ತಲೆ ಬೆಳ್ಳಗಾದರೂ ಪರೀಕ್ಷೆ ಕಟ್ಟುತ್ತಿದ್ದವರಿದ್ದರು ಎಂದರು ಷೆನ್. ಮೂರು ಸಲ ಇಂಟರ್ ಕಟ್ಟಿದ ಹಿಂದಿನ ಬೆಂಚಿನವರ ಮುಖ ಆಗ ಅರಳಿದ್ದನ್ನು ನಾನೇ ನೋಡಿದೆ.

ಆಮೇಲೆ ಅವರು ಒಂದೇ ಸೊಲ್ಲನ್ನು ನಾಲ್ಕು ಬಗೆಯ ರಾಗದಲ್ಲಿ ಹೇಳಿ, ನಾಲ್ಕಕ್ಕೂ ನಾಲ್ಕು ಅರ್ಥ ಎಂದರು. ಇಡೀ ಕ್ಲಾಸು ಏರಿಳಿದು ಹಾಡಿತು. ದಾರಿಯಲ್ಲಿ ಹೊರಟಿದ್ದ ಅಕ್ಕಿ ಗಿರಣಿಯ ವಿರೂಪಣ್ಣನವರು ಕಿಟಕಿಯಲ್ಲಿ ಮುಖ ಹಾಕಿದರು. ಕಾಲೇಜಿಗೆ ಬೆಂಚು ಮಾಡಿಸಿಕೊಟ್ಟ ಧಣಿ ಅವರು.

"ಯಪ್ಪಾ, ಹುಡುಗ್ರು ಭಜನಿ ಮಾಡಾಕತ್ತಾರಲ್ಲ! ಇವರು ಯಾವ ಸ್ವಾಮಿಗಳು? ಅಲ್ಲಿ ಮಂದಿ ಏನುಂತಾರ?"

"ಅನ್ನ" ಎಂದರು ರಾಯರು.

"ಮತ್ತ ಮುಗೀತು! ಅನ್ನ ಉಣ್ಣೋ ಮಂದಿ ಕೆಟ್ಟವರಿರಂಗಿಲ್ಲ" ಎಂದು ಗಿರಣಿಯ ಧಣಿಗಳು ತೀರ್ಪು ಕೊಟ್ಟು, ಮರುದಿನದ ಭಾಷಣಕ್ಕೆ ತಾವೂ ಬರುವುದಾಗಿ ಹೇಳಿ ಹೋದರು.

ನವಮಿಯ ಬೆಳಗಾಯಿತು. ನಾನು ಸ್ನಾನ ಮಾಡಿ ಹಣೆ ಮುಟ್ಟಿಕೊಂಡೆ. ಗೀಟು ಹೋಗಿರಲಿಲ್ಲ. ಸೀಗೆಕಾಯಿ ಹಾಕಿ ತಿಕ್ಕಿದೆ, ಕಡಲೆಹಿಟ್ಟು ಹಾಕಿ ತಿಕ್ಕಿದೆ. ಹಣೆ ಕೆಂಪಾಯಿತು, ಗೀಟು ಇನ್ನಷ್ಟು ಎದ್ದು ಕಂಡಿತು. ಹೊರಗೆ ಬಂದರೆ ಓಣಿಯ ಗಂಡಸರೆಲ್ಲ ಕೆಂಪು ಹಣೆ, ಕರೀ ಗೀಟು ಹೊತ್ತು ನಿಂತಿದ್ದಾರೆ.

"ನೀರಿಗೆ ಹೋಗಂಗಿಲ್ಲ, ಸೀಗಿಕಾಯಿಗೆ ಹೋಗಂಗಿಲ್ಲ. ಇದು ಕಲಿಯುಗದ ಅಂಗಾರ ಅಲ್ಲ!" ಎಂದು ಶ್ರೀನಿವಾಸಾಚಾರ್ಯರು ಸಾರಿದರು. ಯಾರಿಗಾದರೂ ಸಂಶಯವಿದ್ದಿದ್ದರೆ ಅದು ಅಲ್ಲಿಗೆ ಹೋಯಿತು.

ಮಠದ ಊಟದ ಪಂಕ್ತಿಯಲ್ಲಿ ಆಚಾರ್ಯರು, ಬಡಗಿಯಿಂದ ರಾತ್ರೋರಾತ್ರಿ ಕೊರೆಸಿದ ಎರಡು ಕಡ್ಡಿ ಹಿಡಿದು ಕೂತಿದ್ದರು. ಅವರನ್ನು ನೋಡಿ ಇನ್ನೂ ಏಳೆಂಟು ಮಂದಿ ಹಿರಿಯರ ಕೈಯಲ್ಲಿ ಕಡ್ಡಿ. ಹೋಳಿಗೆ ಹೇಗೋ ಚುಚ್ಚಿಸಿಕೊಂಡಿತು. ಕೋಸಂಬರಿ ಹಾರಿ ಪಕ್ಕದವರ ಎಲೆಗೆ ಹೋಯಿತು. ಸಾರು ಬಂದಾಗ ಆಚಾರ್ಯರು ಕಡ್ಡಿಯನ್ನು ಸಾರಲ್ಲಿ ಅದ್ದಿ ಬಾಯಿಗಿಟ್ಟು, ಮತ್ತೆ ಅದ್ದಿ ಬಾಯಿಗಿಟ್ಟು, "ಸಾಧನ ಬೇಕಪ್ಪಾ, ಒಂದು ಜನ್ಮಕ್ಕ ಬರೋ ವಿದ್ಯಾ ಅಲ್ಲ" ಎಂದು ಅರ್ಧ ಹೊಟ್ಟೆಯಲ್ಲಿ ಎದ್ದರು. ಪಡಸಾಲೆಯ ಆಚೆ ತುದಿಯಲ್ಲಿ ಕೂತಿದ್ದ ಷೆನ್ ಅವರಿಗೆ ಕಣ್ಣಲ್ಲಿ ನೀರು ಬಂದಿತ್ತು. ತಮ್ಮ ದೇಶದ ಪದ್ಧತಿಗೆ ಇಷ್ಟು ಗೌರವ ಕೊಡುವ ಜನರನ್ನು ಎಲ್ಲೂ ಕಾಣಲಿಲ್ಲ ಎಂದು ರಾಯರ ಕೈ ಹಿಡಿದುಕೊಂಡರು.

ರಾಯರು ಮಾತ್ರ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದರು. ಸಂಜೆ ನಾಜಿಂ ಸಾಹೇಬರ ಮುಂದೆ ಭಾಷಣ. ಓಣಿಗೆ ಓಣಿಯೇ ಬರಲು ಹೊರಟಿತ್ತು. ಜಾನಕಿಬಾಯಿಯವರು ಸಹ ಬರುವವರಿದ್ದರು, ದೇವಸ್ಥಾನ ಬಿಟ್ಟರೆ ಬೇರೆ ಕಡೆ ಕಾಲಿಡದ ಜಾನಕಿಬಾಯಿ! "ಅಲ್ಲಿ ಯಾರಾದ್ರೂ ಒಂದು ಮಾತು ಕೇಳಿದ್ರೂ ನಾನು ಸತ್ತೆ" ಎಂದರು ರಾಯರು. "ನಿಜ ಹೇಳಿದ್ರ ಅತ್ಯಾ ಮನಿ ಬಿಡಿಸ್ತಾರ. ಸುಳ್ಳು ಹೇಳಿದ್ರ ಪ್ರಿನ್ಸಿಪಾಲರಿಗೆ ಕನ್ನಡ ಬರ್ತದ, ನೌಕರಿ ಬಿಡಿಸ್ತಾರ. ಮಾನ್ವ್ಯಾಗ ನನ್ನ ಹಳೇ ಕುರ್ಚಿ ಇನ್ನೂ ಇದ್ದೀತೇನೋ?" ಅವರ ಮುಖ ನೋಡಿ ನನಗೆ ನಿಜವಾಗಿ ಸಂಕಟವಾಯಿತು. ಇಬ್ಬರು ರಾಯರೂ ಅವತ್ತು ಒಂದೇ ಸಭೆಯಲ್ಲಿ ಕೂಡಬೇಕಾಗಿತ್ತು.

ಸಭೆ ತುಂಬಿತು. ಹುಡುಗರನ್ನು ಹಿಂದಕ್ಕೆ ತಳ್ಳಿ ಓಣಿಯ ಹಿರಿಯರು ಮುಂದಿನ ಸಾಲಲ್ಲಿ ಕೂತರು. ಶೇರ್ವಾನಿ, ರೂಮಿ ಟೋಪಿಯ ನಾಜಿಂ ಸಾಹೇಬರು ವೇದಿಕೆ ಹತ್ತಿ ನೋಡುತ್ತಾರೆ: ಎದುರಿಗೆ ಸಾಲಾಗಿ ಒಂದೇ ಅಳತೆಯ ಕರೀ ಗೀಟುಗಳು. ಯಾರಿವರು ಎಂದು ಉರ್ದುವಿನಲ್ಲಿ ಕೇಳಿದರು.

"ಹುಜೂರ್, ಚೀನಾ ಅಂದ್ರ ಇಲ್ಲಿ ಮಂದಿಗೆ ಭಾಳ ಶೌಕ್" ಎಂದು ಪ್ರಿನ್ಸಿಪಾಲರೂ ಗಾಬರಿಯಾಗಿ ಉರ್ದುವಿನಲ್ಲೇ ಹೇಳಿದರು.

ನಾಜಿಂ ಸಾಹೇಬರ ಮಾತಿನಲ್ಲಿ ಚೀನಾ, ಚೀನಾ ಎಂದು ಹತ್ತಾರು ಸಲ ಬಂತು. ರಾಯರು ಕಣ್ಣು ಮುಚ್ಚಿಕೊಂಡರು. ಹಿಂದಿನಿಂದ ಯಾರೋ "ಚೀನಾ ಅಂದ್ರೇನ್ರಿ?" ಎಂದು ಶ್ರೀನಿವಾಸಾಚಾರ್ಯರನ್ನು ಕೇಳಿದರು. ಆಚಾರ್ಯರಿಗೆ ತಿಳಿಯದ್ದು ಎಂಬುದಿಲ್ಲ. "ಅದು ತಾಲೂಕಿನ ಹೆಸರು. ಮಲ್ಲಟ ಮಾನ್ವಿ ತಾಲೂಕಿಗೆ ಬಂದಂಗ, ಉತ್ತರ ಬದರಿ ಚೀನಾ ತಾಲೂಕಿಗೆ ಬರ್ತದ" ಎಂದರು. ಎಲ್ಲರೂ ತಲೆಯಾಡಿಸಿದರು.

ಷೆನ್ ಅವರು ಎದ್ದರು. ಇಂಗ್ಲೀಷಿನಲ್ಲಿ ಒಂದು ಮಾತು ಹೇಳಿ ನಿಲ್ಲುವರು, ರಾಯರು ಅದನ್ನು ಕನ್ನಡಕ್ಕೆ ತರುವರು. ತಮ್ಮ ದೇಶದ ನದಿಗಳು, ರೇಷ್ಮೆ, ಮನೆತನದ ಹೆಸರನ್ನೇ ಮೊದಲು ಹೇಳುವ ಕ್ರಮ, ಹಿರಿಯರಿಗೆ ವರ್ಷಕ್ಕೊಮ್ಮೆ ಎಡೆ ಇಡುವುದು, ಎಲ್ಲ ಹೇಳಿದರು. ಒಂದೊಂದಕ್ಕೂ ಮುಂದಿನ ಸಾಲು "ನಮ್ಮಂಗೇ, ನಮ್ಮಂಗೇ" ಎಂದು ಬೆರಗಾಯಿತು.

"ನಮ್ಮಲ್ಲಿ ಅಕ್ಷರಕ್ಕೆ ಬಹಳ ಮರ್ಯಾದೆ" ಎಂದರು ಷೆನ್. "ಬರೆದ ಕಾಗದವನ್ನು ಕಾಲಲ್ಲಿ ತುಳಿಯುವುದಿಲ್ಲ. ನಾನು ಎಷ್ಟೋ ಊರಲ್ಲಿ ನನ್ನ ಶಾಯಿಕಲ್ಲು ತೋರಿಸಿದೆ. ಜನ ನೋಡಿದರು, ಕೆಲವರು ನಕ್ಕರು. ಈ ಊರಿನ ಹಿರಿಯರು ಮಾತ್ರ ಅದನ್ನು ಹಣೆಯಲ್ಲಿ ಇಟ್ಟುಕೊಂಡರು. ವಿದ್ಯೆಗೆ ಇಂಥ ಗೌರವ ನಮ್ಮಲ್ಲೂ ಇಲ್ಲ." ಹೀಗೆಂದು ಮುಂದಿನ ಸಾಲಿಗೆ ಸೊಂಟ ಬಗ್ಗಿಸಿದರು. ಮುಂದಿನ ಸಾಲು ಎದ್ದು ಅವರಿಗೆ ಕೈ ಮುಗಿಯಿತು. ನಾಜಿಂ ಸಾಹೇಬರು ಚಪ್ಪಾಳೆ ಹೊಡೆದರು. ರಾಯರಿಗೆ ಉಸಿರು ಬಂತು.

ಬಂದ ಉಸಿರು ಅಲ್ಲೇ ನಿಂತಿತು. ಹೆಂಗಸರ ಕಡೆಯಿಂದ ಜಾನಕಿಬಾಯಿಯವರು ಎದ್ದು ನಿಂತಿದ್ದರು. ಮನೆಯಲ್ಲಿ ಕರೆಯುವ ಹೆಸರಿನಿಂದಲೇ ರಾಯರನ್ನು ಕೂಗಿದರು.

"ವಾದ್ಯಾ, ನಂದೊಂದು ಮಾತು ಅವರಿಗೆ ಕೇಳೋ. ನಮ್ಮ ಗುರುಗಳು ಆರಾಮ ಇದ್ದಾರೇನು? ಇವರು ಹೊರಡೋ ಮುಂದ ಭೆಟ್ಟಿ ಆಗಿತ್ತೇನು? ಏನಾದರೂ ಹೇಳಿ ಕಳಿಸ್ಯಾರೇನು?"

ರಾಯರ ಹಣೆಯ ಬೆವರು ಗೀಟಿನ ಎರಡೂ ಕಡೆ ಹರಿಯಿತು. ಅವರಿಗೆ ಬೇರೇನೂ ತೋಚಲಿಲ್ಲ. ಕೇಳಿದ್ದನ್ನು ಕೇಳಿದ ಹಾಗೆಯೇ ಇಂಗ್ಲೀಷಿಗೆ ತಿರುಗಿಸಿ ಷೆನ್ ಅವರ ಕಿವಿಯಲ್ಲಿ ಹೇಳಿದರು. ಗುರುಗಳು ಆರಾಮವೇ? ಹೊರಡುವಾಗ ಸಿಕ್ಕಿದ್ದರೇ? ಏನಾದರೂ ಹೇಳಿದರೇ? 'ನಮ್ಮ' ಎಂಬ ಮಾತೊಂದು ಮಾತ್ರ ದಾರಿಯಲ್ಲಿ ಬಿದ್ದುಹೋಯಿತು.

ಷೆನ್ ಅವರು ಮೇಜಿನ ಅಂಚು ಹಿಡಿದುಕೊಂಡರು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಮಾತಾಡಿದರು. ಅವರ ಮಾತು ಮುಗಿಯುವ ಹೊತ್ತಿಗೆ ರಾಯರ ಕಣ್ಣಲ್ಲೂ ನೀರಿತ್ತು. ಸುಳ್ಳು ಹೇಳಲು ಬುದ್ಧಿ ಸ್ಥಿಮಿತದಲ್ಲಿರಬೇಕು. ರಾಯರಿಗೆ ಅದು ಎಂದೂ ಇರಲಿಲ್ಲ, ಅವತ್ತಂತೂ ಇಲ್ಲವೇ ಇಲ್ಲ. ಕೇಳಿದ್ದನ್ನು ಕೇಳಿದ ಹಾಗೆಯೇ ಕನ್ನಡಕ್ಕೆ ತಿರುಗಿಸಿದರು.

"ಗುರುಗಳಿಗೆ ಭಾಳ ವಯಸ್ಸಾಗಿತ್ತಂತ, ಅತ್ಯಾ. ವೈರಿಗಳು ಬಂದ್ರಂತ. ಶಿಷ್ಯರೆಲ್ಲಾ ಗ್ರಂಥ ಹೊತ್ತುಕೊಂಡು ಬೆಟ್ಟ ದಾಟೋದು ಅಂತ ಆತಂತ. ಗುರುಗಳು, 'ನಾ ಬರಂಗಿಲ್ಲ, ನೀವು ಗ್ರಂಥ ತೊಗೊಂಡು ಹೋಗ್ರಿ, ನಾಲ್ಕು ಮಂದಿಗೆ ಹೇಳ್ರಿ, ನಾ ಇಲ್ಲೇ ಕೂತಿರ್ತೀನಿ' ಅಂದ್ರಂತ. ಇವರು ತಿರುಗಿ ನೋಡಿದಾಗ ಅಲ್ಲೇ ಕೂತಿದ್ರಂತ. ಅದಾದಮ್ಯಾಲೆ ಯಾರ ಕಣ್ಣಿಗೂ ಬಿದ್ದಿಲ್ಲ. ಸುದ್ದಿ ಇಲ್ಲ. ಇದ್ದಾರ ಅಂತ ಇವರು ನಂಬ್ಯಾರ. ಈ ದೇಶದಾಗ ಎಲ್ಲಾರೂ ಲಡಾಯಿ ಸುದ್ದಿ ಕೇಳಿದ್ರಂತ, ಗುರುಗಳು ಆರಾಮೇನು ಅಂತ ಯಾರೂ ಕೇಳಿದ್ದಿಲ್ಲಂತ. 'ಈ ತಾಯಿಗೆ ಹ್ಯಾಂಗ ಗೊತ್ತಾತು' ಅಂತ ಕೇಳ್ತಾರ."

ಮುಂದಿನ ಸಾಲಿನಲ್ಲಿ "ಹರಿ ಹರಿ" ಎಂಬ ಉಸಿರು ಹೊರಟಿತು. ಶ್ರೀನಿವಾಸಾಚಾರ್ಯರು ಕೂತಲ್ಲಿಯೇ ನಮಸ್ಕಾರ ಹಾಕಿದರು. ಅವರು ಚಿಕ್ಕಂದಿನಿಂದ ಕೇಳಿ ಬಂದದ್ದಕ್ಕೂ ಈ ಮಾತಿಗೂ ಒಂದು ಕೂದಲಿನಷ್ಟೂ ವ್ಯತ್ಯಾಸ ಇರಲಿಲ್ಲ.

ಜಾನಕಿಬಾಯಿಯವರು ಮಾತ್ರ ನಮಸ್ಕಾರ ಹಾಕಲಿಲ್ಲ. ಷೆನ್ ಅವರ ಮುಖವನ್ನೇ ನೋಡುತ್ತಿದ್ದರು. ಆ ದೊಡ್ಡ ವಿದ್ವಾಂಸರು ಅಗಲ ತೋಳಿನಿಂದ ಮಕ್ಕಳ ಹಾಗೆ ಕಣ್ಣೊರೆಸಿಕೊಳ್ಳುತ್ತಿದ್ದರು. ಜಾನಕಿಬಾಯಿಯವರು ಮೆಲ್ಲಗೆ ನಡೆದು ವೇದಿಕೆಯ ಮೆಟ್ಟಿಲು ಹತ್ತಿದರು. ಯಾವ ಕೈಗೆ ಮಕ್ಕಳು ತಗಲಿದರೂ ಮತ್ತೆ ಸ್ನಾನವೋ, ಆ ಕೈಯನ್ನು ಷೆನ್ ಅವರ ತಲೆಯ ಮೇಲೆ ಇಟ್ಟರು. ಓಣಿಗೆ ಓಣಿಯೇ ಉಸಿರು ಹಿಡಿಯಿತು.

"ಅಳಬ್ಯಾಡ ಅಂತ ಹೇಳೋ ವಾದ್ಯಾ" ಎಂದರು. "ನಾವೂ ಆರುನೂರು ವರ್ಷದಿಂದ ಹೀಂಗೇ ಕಾಯ್ಲಿಕ್ಹತ್ತೀವಿ."

ನಾಜಿಂ ಸಾಹೇಬರಿಗೆ ಕನ್ನಡ ಬಾರದು. ಮುದುಕಿ ಏನು ಕೇಳಿದರು ಎಂದು ಪ್ರಿನ್ಸಿಪಾಲರ ಕಡೆ ಬಾಗಿದರು. ಮಹಮ್ಮದ್ ಹುಸೇನ್ ಸಾಹೇಬರು ಇದೇ ಊರಲ್ಲಿ ಬೆಳೆದವರು, ಮಧ್ವನವಮಿ ಎಂದರೆ ಏನೆಂದು ಬಲ್ಲವರು. ಅವರಿಗೆ ಆ ಹೊತ್ತಿಗೆ ಎಲ್ಲವೂ ತಿಳಿದುಹೋಗಿತ್ತು. ಒಂದು ಸಲ ರಾಯರನ್ನು ನೋಡಿದರು. ರಾಯರು ಮಾನ್ವಿಯ ದಾರಿ ನೋಡುತ್ತಿದ್ದರು.

"ಹುಜೂರ್" ಎಂದರು ಪ್ರಿನ್ಸಿಪಾಲರು, "ನಿಮ್ಮ ಉಸ್ತಾದರು ಕ್ಷೇಮವೇ ಅಂತ ಮೆಹಮಾನರನ್ನು ಕೇಳಿದರು."

ನಾಜಿಂ ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಚೀನಾದ ಪರಿಚಯ ಮಾಡಿಸೋಣವೆಂದು ಹೈದರಾಬಾದಿನಿಂದ ಬಂದೆ, ಇಲ್ಲಿ ಹಳೆಯ ಪರಿಚಯವೇ ಇದ್ದ ಹಾಗಿದೆ ಎಂದರು. ವಿರೂಪಣ್ಣನವರು ಇದೇ ಸಮಯವೆಂದು ಎದ್ದು, "ಸಾಹೇಬ್ರ, ಈ ಮಾಸ್ತರನ್ನ ಕಾಯಂ ಮಾಡಿ ಹೋಗ್ರಿ. ಇಲ್ಲಾಂದ್ರ ನನ್ನ ಬೆಂಚು ನನಗ ಕೊಡ್ರಿ" ಎಂದು ಗುಡುಗಿದರು. ಅದನ್ನು ಯಾರೂ ಭಾಷಾಂತರ ಮಾಡಲಿಲ್ಲ, ಮಾಡುವ ಅಗತ್ಯವೂ ಬೀಳಲಿಲ್ಲ.

ಸಭೆ ಮುಗಿದು ಹೊರಗೆ ಬಂದಾಗ ರಾಯರು ಅತ್ತೆಯ ಹಿಂದೆ ಓಡಿದರು. "ಅತ್ಯಾ, ಒಂದು ಮಾತು ಹೇಳಬೇಕು. ಇವರು ಬದರೀ ಆಚೆ ಅಂದೆನಲ್ಲ, ಅದು..."

"ಮನಿಗೆ ನಡಿ" ಎಂದರು ಜಾನಕಿಬಾಯಿ. "ಸ್ನಾನಕ್ಕ ನೀರು ಕಾಸು. ಅವರಿಗೂ ಕುಡೀಲಿಕ್ಕೆ ಬಿಸಿನೀರು ಬೇಕು. ಮತ್ತ ನಾಳಿಂದ ಆ ಬೇವಿನೆಲಿ ಜಗಿಯೋದು ಬಿಡು. ಚಹಾದ ವಾಸನಿಗಿಂತ ಅದೇ ಹೆಚ್ಚು ಬರ್ತದ."

ರಾಯರು ಕಾಯಂ ಆದರು. ಗೀಟುಗಳು ನಾಲ್ಕಾರು ದಿನದಲ್ಲಿ ಮಾಸಿದವು; ಶ್ರೀನಿವಾಸಾಚಾರ್ಯರದು ಮಾತ್ರ ಬಹಳ ದಿನ ಉಳಿಯಿತು, ಅವರು ಹಣೆಗೆ ನೀರು ತಾಗದಂತೆ ಸ್ನಾನ ಮಾಡುತ್ತಿದ್ದರೆಂದು ಅವರ ಸೊಸೆ ಹೇಳುತ್ತಾಳೆ.

ಮರುವರ್ಷ ಮಧ್ವನವಮಿಗೆ ನಾನು ರಾಯರ ಮನೆಗೆ ಊಟಕ್ಕೆ ಹೋಗಿದ್ದೆ. ಜಾನಕಿಬಾಯಿಯವರು ದೇವರ ಮುಂದೆ ಕೈ ಮುಗಿದು ನಿಂತು, ಯಾರಿಗೂ ಕೇಳಿಸದು ಎಂದುಕೊಂಡು ಹೇಳಿಕೊಳ್ಳುತ್ತಿದ್ದರು:

"ಶ್ರೀಮದಾಚಾರ್ಯರೇ, ನೀವಂತೂ ಆರಾಮ ಇರ್ತೀರಿ. ನಿಮ್ಮ ಆಚೆ ಕಡೆ ಚೀನಾದಾಗ ಆ ಷೆನ್ ಅವರ ಮಾಸ್ತರು ಒಬ್ಬರೇ ಕೂತಾರ. ವಯಸ್ಸಾದವರು. ಸ್ವಲ್ಪ ನೋಡಿಕೊಳ್ರಿ."